ಮಗಳಿಗೆ ಬಿಟ್ಟ ಹಳ್ಳ

ರಬಕವಿ
14 ಅಕ್ಟೋಬರ್ 2024

ಶೈಲಾ,

ನಿನ್ನ ಕಾಡಿನ ಕ್ಯಾಂಪಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲದಿರುವುದು ನನಗೆ ಒಂದು ರೀತಿಯಲ್ಲಿ ಅನುಕೂಲವೇ ಆಗಿದೆ. ಫೋನಿನಲ್ಲಾದರೆ ನಾನು ನಾಲ್ಕು ಮಾತಾಡುವಷ್ಟರಲ್ಲಿ ನೀನು "ಆತು ಬಿಡಬೇ ಅವ್ವಾ" ಎಂದು ಇಟ್ಟುಬಿಡುತ್ತಿದ್ದೆ. ಕಾಗದದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಶನಿವಾರದ ಜೀಪಿನಲ್ಲಿ ಅಕ್ಕಿ, ಬೇಳೆಯ ಜೊತೆ ನನ್ನ ಮಾತೂ ಬರುತ್ತದೆ. ಕೂತು ಓದು.

ನಿನ್ನ ತಮ್ಮನ ಮದುವೆ ಗೊತ್ತಾಯಿತು. ಹುಡುಗಿ ತೇರದಾಳದ ಸ್ನೇಹಾ, ನಮ್ಮಂತೆ ನೇಕಾರರ ಮನೆಯವಳು. ಮುಂದಿನ ಮೇ ತಿಂಗಳಲ್ಲಿ ಮದುವೆ. ಸಂಜಯ ಈಗಿನಿಂದಲೇ ಕನ್ನಡಿಯ ಮುಂದೆ ನಿಲ್ಲುವುದು ಹೆಚ್ಚಾಗಿದೆ. ನಿಮ್ಮಪ್ಪ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಿಂದ ಬಂದವರು ಅವನನ್ನು ನೋಡಿ, "ಲೇ, ಕನ್ನಡಿ ಸವದ ಹೋದೀತು" ಎನ್ನುತ್ತಾರೆ.

ಪದ್ಧತಿ ನಿನಗೆ ಗೊತ್ತೇ ಇದೆ. ನಮ್ಮ ಮನೆತನದಲ್ಲಿ ಮದುಮಗಳು ಅರಿಷಿಣದ ದಿನ ಉಡುವ ಸೀರೆಯನ್ನು ಮದುಮಗನೇ ತನ್ನ ಕೈಯಿಂದ ನೇಯ್ದು ಕೊಡಬೇಕು. ಹುಡುಗಿಯ ಸೋದರತ್ತೆ ಬಂದು ಅದನ್ನು ಬಿಸಿಲಿಗೆ ಹಿಡಿದು ನೋಡಬೇಕು. ಸ್ನೇಹಾಳ ಸೋದರತ್ತೆ ಬೋರವ್ವ ಎಂಬಾಕೆ ತೇರದಾಳದಲ್ಲಿ ನಲವತ್ತು ವರ್ಷ ಮಗ್ಗದಲ್ಲಿ ಕೂತವರಂತೆ. ಆಕೆಯ ಕಣ್ಣು ಬಹಳ ಚುರುಕು ಎಂದು ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಇನ್ನೊಂದು ಮಾತು. ಮಗ್ಗದ ಪಕ್ಕದ ಕೋಣೆಯನ್ನು ಹೊಸ ಜೋಡಿಗೆ ಬಿಟ್ಟುಕೊಡಬೇಕಾಗುತ್ತದೆ. ಅಲ್ಲಿ ನಿನ್ನ ಟ್ರಂಕು ಇದೆ. ಅದನ್ನು ಅಟ್ಟಕ್ಕೆ ಏರಿಸಲೇ? ಹೇಗೂ ನೀನು ಬರುವುದು ವರ್ಷಕ್ಕೊಮ್ಮೆ.

ಇಂತಿ ನಿನ್ನ ಅವ್ವ,
ಸಾವಿತ್ರೆವ್ವ

ಜೋಯಿಡಾ ಕಡೆಯ ಕಾಡಿನಿಂದ
27 ಅಕ್ಟೋಬರ್ 2024

ಅವ್ವಾ,

ಸಂಜಯನಿಗೆ ನನ್ನ ಪರವಾಗಿ ಒಂದು ಗುದ್ದು ಕೊಡು. ಸಂತೋಷವಾಯಿತು. ಸ್ನೇಹಾ ಪಾಪದ ಹುಡುಗಿ ಇರಬೇಕು.

ಇಲ್ಲಿ ನಮಗೂ ಒಂದು ಸಂಸಾರ ಇದೆ. ನನ್ನ ಗಸ್ತಿನ ದಾರಿಯಲ್ಲಿ ಒಂದು ಹೆಣ್ಣುಹುಲಿ, ಅದಕ್ಕೆ ಒಂದೂವರೆ ವರ್ಷದ ಎರಡು ಮರಿ. ಒಂದು ಗಂಡು, ಒಂದು ಹೆಣ್ಣು. ಕಣ್ಣಾರೆ ಕಂಡದ್ದು ಎರಡೇ ಸಲ. ಉಳಿದದ್ದೆಲ್ಲ ಮರಕ್ಕೆ ಕಟ್ಟಿದ ಕ್ಯಾಮೆರಾ ಮತ್ತು ಹಳ್ಳದ ಮರಳಿನ ಮೇಲಿನ ಹೆಜ್ಜೆ ನೋಡಿ ತಿಳಿದದ್ದು. ನಮ್ಮ ಅರಣ್ಯ ಇಲಾಖೆಯ ಪುಸ್ತಕದಲ್ಲಿ ತಾಯಿಗೆ ಒಂದು ನಂಬರು ಇದೆ. ನಾನು ಬೇರೆ ಹೆಸರಿಟ್ಟಿದ್ದೇನೆ. ಏನೆಂದು ನಿನಗೆ ಹೇಳುವುದಿಲ್ಲ.

ಮೊನ್ನೆ ಆ ತಾಯಿ ಒಂದು ಜಿಂಕೆಮರಿಯನ್ನು ಪೂರ್ತಿ ಕೊಲ್ಲದೆ ತಂದು ಮಕ್ಕಳ ಮುಂದೆ ಬಿಟ್ಟಿತ್ತು. ಕಲಿಯಲಿ ಎಂದು. ಗಂಡುಮರಿ ಹಿಂದಿನಿಂದ ನುಗ್ಗಿ ಮೂತಿಗೆ ಒದೆ ತಿಂದು ಕೂತಿತು. ಹೆಣ್ಣುಮರಿ ತಾಳ್ಮೆಯಿಂದ ಕಾದು ಕುತ್ತಿಗೆ ಹಿಡಿಯಿತು. ತಿನ್ನುವಾಗ ಮಾತ್ರ ಗಂಡಿನದೇ ಮೊದಲ ಪಾಳಿ. ಚಿತ್ರಗಳನ್ನು ನೋಡುತ್ತ ನನ್ನ ಜೊತೆಯ ವಾಚರ್ ಕಾಮಣ್ಣ ನಕ್ಕರು. "ಇದು ಅವ್ವ ಇರೂತನಕ ಹುಲಿರೀ. ಆಮ್ಯಾಲೆ ದೊಡ್ಡ ಬೆಕ್ಕು" ಎಂದರು. ನನಗೆ ನಮ್ಮ ಸಂಜಯ ನೆನಪಾದ.

ಕೇಳಬಾರದೋ ಏನೋ, ಆದರೂ ಕೇಳುತ್ತೇನೆ. ಆ ಸೀರೆಯನ್ನು ಅವನೊಬ್ಬನೇ ನೇಯುತ್ತಾನೆಯೇ? ನೀನು ಬೆಳಗ್ಗೆ ಐದಕ್ಕೆ ಎದ್ದು, ಅವನು ನೇಯ್ದ ಬಟ್ಟೆಯ ಮೇಲೆ ಬಗ್ಗಿ, ಹರಿದ ಎಳೆಗಳನ್ನು ಸೂಜಿಯಿಂದ ತುಂಬುತ್ತಿದ್ದದ್ದನ್ನು ನಾನು ಮನೆಯಲ್ಲಿದ್ದಾಗ ನೋಡಿದ್ದೇನೆ. ಅವನು ಎದ್ದು ಬಂದು, ನಿನ್ನೆ ತಾನು ನೇಯ್ದದ್ದು ಎಷ್ಟು ಚಂದ ಬಂದಿದೆ ಎಂದು ಕೈಯಾಡಿಸುತ್ತಿದ್ದ.

ಟ್ರಂಕು ಅಟ್ಟಕ್ಕೆ ಏರಿಸು. ಅದರಲ್ಲಿ ಅಂಥದ್ದೇನೂ ಇಲ್ಲ.

ಶೈಲಾ

ರಬಕವಿ
12 ನವೆಂಬರ್ 2024

ಶೈಲಾ,

ನಿನ್ನ ಕಣ್ಣು ಸಣ್ಣಂದಿನಿಂದಲೂ ಬೇಡದ ಕಡೆಗೇ ಹೋಗುತ್ತದೆ. ಹೌದು, ತಿದ್ದುತ್ತೇನೆ. ಇವತ್ತಿಗೂ ತಿದ್ದುತ್ತೇನೆ. ಮಗ್ಗದಲ್ಲಿ ಹಾಸಿನ ಒಂದು ಎಳೆ ಹರಿದರೆ ಬಟ್ಟೆಯುದ್ದಕ್ಕೂ ಗೀರು ಬೀಳುತ್ತದೆ. ಅವನಿಗೆ ಅದು ಕಾಣುವುದಿಲ್ಲ, ನನಗೆ ಕಾಣುತ್ತದೆ. ಹಾಗಿರುವಾಗ ಸುಮ್ಮನೆ ಕೂಡಲು ನನ್ನ ಕೈ ಕೇಳಬೇಕಲ್ಲ. ಹದಿನಾಲ್ಕು ವರ್ಷದ ಹುಡುಗ, ವ್ಯಾಪಾರಿ ಎಲ್ಲರೆದುರು ಬೈದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ ಎಂದು ಒಂದು ದಿನ ತಿದ್ದಿದೆ. ಮರುದಿನವೂ ತಿದ್ದಿದೆ. ಹೀಗೆ ಹತ್ತು ವರ್ಷ ಆಗಿಹೋಯಿತು. ನಡುವೆ ಬಿಡಲು ಒಂದು ಒಳ್ಳೆಯ ದಿನ ಸಿಗಲಿಲ್ಲ.

ಹುಲಿಯ ಜೊತೆ ನನ್ನನ್ನು ತೂಗಬೇಡ. ನಿನ್ನ ಹುಲಿಗೆ ಅವಸರ. ಎರಡು ವರ್ಷದಲ್ಲಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಮುಗಿಸಬೇಕು. ಎರಡು ವರ್ಷಕ್ಕೆ ನೀನು ಏನು ಮಾಡುತ್ತಿದ್ದೆ ಗೊತ್ತೇ? ಲಾಳಿಗೆ ಹಾಕುವ ಕಂಡಿಕೆಯ ನೂಲು ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದೆ. ಸಂಜಯ ಐದು ವರ್ಷದವನಾದರೂ ಮೂಗು ಒರೆಸಿಕೊಳ್ಳಲು ನನ್ನ ಸೆರಗೇ ಬೇಕಿತ್ತು. ಮನುಷ್ಯರ ಮಕ್ಕಳು ನಿಧಾನವಾಗಿ ಬೆಳೆಯುತ್ತಾರೆ. ನಮಗೆ ಪುರುಸೊತ್ತು ಇರುತ್ತದೆ. ಆ ಪುರುಸೊತ್ತಿನಲ್ಲೇ ನಾನು ಕೆಟ್ಟೆನೋ ಏನೋ, ನಿನ್ನ ಪತ್ರ ಓದಿದ ಮೇಲೆ ಹಾಗೂ ಅನಿಸಿತು.

ಮದುವೆ ಸೀರೆಯನ್ನು ತಿದ್ದಲೋ ಬೇಡವೋ, ನೀನೇ ಹೇಳು. ತಿದ್ದಿದರೆ ಬೋರವ್ವನ ಕಣ್ಣು ತಪ್ಪಿಸಬಹುದು. ಆದರೆ ಮದುವೆಯಾದ ಮೇಲೆ ನೇಯ್ಗೆ ಬಲ್ಲ ಹೆಂಡತಿ ಪಕ್ಕದಲ್ಲೇ ಇರುತ್ತಾಳೆ. ಎಷ್ಟು ದಿನ ಮುಚ್ಚಿಡಲಿ?

ಅಟ್ಟಕ್ಕೆ ಏರಿಸು ಎಂದು ಇಷ್ಟು ಬೇಗ ಒಪ್ಪಿದೆಯಲ್ಲ. ಒಂದೆರಡು ಮಾತಾದರೂ ಜಗಳ ಆಡುತ್ತೀ ಎಂದುಕೊಂಡಿದ್ದೆ.

ಇಂತಿ ನಿನ್ನ ಅವ್ವ,
ಸಾವಿತ್ರೆವ್ವ

ಕ್ಯಾಂಪು
5 ಜನವರಿ 2025

ಅವ್ವಾ,

ಎರಡು ತಿಂಗಳು ಬರೆಯಲಿಲ್ಲ. ಹುಲಿ ಗಣತಿಯ ಕೆಲಸ ಇತ್ತು ಎಂದು ಹೇಳಬಹುದಿತ್ತು. ಆದರೆ ಖರೆ ಹೇಳಬೇಕೆಂದರೆ, ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಬರೆದು ಹರಿದದ್ದು ಮೂರು ಕಾಗದ.

ನಾನು ಹನ್ನೆರಡು ವರ್ಷದವಳಿದ್ದಾಗ ಮಗ್ಗಕ್ಕೆ ಕೂಡುತ್ತೇನೆಂದು ಹಟ ಹಿಡಿದೆ. ಮಗ್ಗದ ಕೆಳಗಿನ ಕುಣಿಯಲ್ಲಿ ಇಳಿದು ಕೂತರೆ ತುಳಿಯುವ ಹಲಗೆಗೆ ನನ್ನ ಕಾಲು ನಿಲುಕುತ್ತಿರಲಿಲ್ಲ. ಹಗ್ಗ ಬಿಗಿದು ಹಲಗೆಯನ್ನು ಮೇಲೆತ್ತಿ ಕಟ್ಟು ಎಂದು ಕೇಳಿದೆ. ನೀನು ಏನಂದೆ ನೆನಪಿದೆಯೇ? "ಹಗ್ಗ ನಿನ್ನ ಕಾಲಿಗೆ ಬರಂಗಿಲ್ಲ. ಕಾಲ ನಿಲುಕಿದ ಮ್ಯಾಲೆ ಬಾ." ಎರಡು ವರ್ಷ ಕಾದೆ. ನಾನು ನೇಯ್ದ ಮೊದಲ ಮೊಳ ಬಟ್ಟೆಯಲ್ಲಿ ಒಂದು ಎಳೆ ತಪ್ಪಿತ್ತು. ನೀನು ಬಿಚ್ಚಿಸಿದೆ. ಮತ್ತೆ ನೇಯ್ದೆ, ನೀನು ಮತ್ತೆ ಬಿಚ್ಚಿಸಿದೆ. ಮೂರನೆಯ ಸಲ ಬಿಚ್ಚುವಾಗ ನಾನು ಅಳುತ್ತಿದ್ದೆ, ನೀನು ಒಲೆಯ ಮುಂದೆ ತಿರುಗಿ ಕೂತಿದ್ದೆ.

ಸಂಜಯ ಮಗ್ಗಕ್ಕೆ ಬಂದಾಗ ಅವನಿಗೆ ಹತ್ತೇ ವರ್ಷ. ಅವನಿಗೆ ನೀನೇ ಹಗ್ಗ ಗೇಣುದ್ದ ಬಿಗಿದು ಕೊಟ್ಟೆ. ಅವನ ಎಳೆಗಳನ್ನು ಸೂಜಿಯಿಂದ ತಿದ್ದಿದೆ. ನನ್ನದನ್ನು ಯಾಕೆ ತಿದ್ದಲಿಲ್ಲ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಗಲಗಲಿಯಿಂದ ಬಂದ ಮದುವೆ ಸಂಬಂಧ ಬೇಡವೆಂದು ಈ ನೌಕರಿಗೆ ಬಂದಾಗಲೂ ನೀನು "ಹೋಗು" ಎಂದೆಯೇ ಹೊರತು, ಯಾಕೆ ಹೋಗುತ್ತೀ ಎಂದು ಕೇಳಲಿಲ್ಲ.

ಸೀರೆಯ ವಿಷಯ ಕೇಳಿದ್ದೀ. ತಿದ್ದಬೇಡ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಇಲ್ಲಿ ಡಿಸೆಂಬರ್‌ನಿಂದ ತಾಯಿಹುಲಿ ತನ್ನ ಬೇಟೆಯ ಹತ್ತಿರ ಗಂಡುಮರಿಯನ್ನು ಸೇರಿಸುತ್ತಿಲ್ಲ. ಗುರುಗುಟ್ಟಿ ಓಡಿಸುತ್ತದೆ. ಅದು ಇಪ್ಪತ್ತು ಹೆಜ್ಜೆ ದೂರ ಹೋಗಿ ಕೂಡುತ್ತದೆ, ಮತ್ತೆ ಬರುತ್ತದೆ. ನೋಡಿದರೆ ಪಾಪ ಅನಿಸುತ್ತದೆ. ಆದರೆ ಅದು ದೂರದ ಕಾಡಿಗೆ ಹೋಗಿ ತನ್ನ ಜಾಗ ಹುಡುಕಿಕೊಳ್ಳಬೇಕು. ಕಲಿಯದೆ ಹೋದರೆ ಸಾಯುತ್ತದೆ.

ಶೈಲಾ

ರಬಕವಿ
20 ಜನವರಿ 2025

ಶೈಲಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿಮ್ಮಪ್ಪನಿಗೆ ಓದಿ ಹೇಳಲಿಲ್ಲ. ಅವರು ಕೇಳಿದಾಗ "ಹುಲಿ ಸುದ್ದಿ ಬರದಾಳ" ಎಂದಷ್ಟೇ ಹೇಳಿದೆ.

ಉತ್ತರ ಇನ್ನೂ ಸಿಕ್ಕಿಲ್ಲ. ಸಿಕ್ಕ ದಿನ ಬರೆಯುತ್ತೇನೆ.

ಸಂಜಯ ಕಳೆದ ಸೋಮವಾರ ಸೀರೆ ನೇಯಲು ಹಿಡಿದ. ಮೈ ಹಸಿರು, ದಡಿ ಕೆಂಪು. ನನಗೆ ದಿನವೂ ಐದಕ್ಕೆ ಎಚ್ಚರವಾಗುತ್ತದೆ. ಎದ್ದು ಮಗ್ಗದ ಕಡೆ ಹೋಗದೆ ಬಾಗಿಲ ಮೆಟ್ಟಿಲ ಮೇಲೆ ಕೂಡುತ್ತೇನೆ. ಎದುರುಮನೆಯ ಕರೆವ್ವ ಕಸ ಹೊಡೆಯಲು ಬಂದವಳು, "ಯಾಕಬೇ ಸಾವಿತ್ರಿ, ಮುಂಜಾನೆದ್ದ ಕೈ ಕಟಗೊಂಡ ಕುಂತಿ? ಮೈಯಾಗ ಆರಾಮ ಇಲ್ಲೇನ?" ಎಂದು ಕೇಳಿದಳು. ಕೈಗೆ ಆರಾಮ ಇಲ್ಲ ಎಂದೆ.

ಹುಲಿಗೆ ನನ್ನ ಹೆಸರನ್ನೇ ಇಟ್ಟಿದ್ದೀ ಎಂದು ನನಗೆ ಮೊದಲ ಪತ್ರದಲ್ಲೇ ಗೊತ್ತಾಗಿದೆ. ಬೇರೆ ಹೆಸರಾಗಿದ್ದರೆ ನೀನು ಮುಚ್ಚಿಡುತ್ತಿರಲಿಲ್ಲ.

ನಿನ್ನ ಟ್ರಂಕನ್ನು ಇನ್ನೂ ಏರಿಸಿಲ್ಲ.

ಅವ್ವ

ಕ್ಯಾಂಪು
16 ಫೆಬ್ರವರಿ 2025

ಅವ್ವಾ,

ಆ ಕಾಗದ ಕಳಿಸಿದ ಮೇಲೆ ಜೀಪು ತಿರುಗಿ ಬರಲಿ ಎಂದು ಅನಿಸಿತು. ನೀನು ಮೆಟ್ಟಿಲ ಮೇಲೆ ಕೂತದ್ದನ್ನು ಓದಿ ಕಣ್ಣಲ್ಲಿ ನೀರು ಬಂತು. ಹಾಗೆಂದು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಗಂಡುಮರಿ ಹೋಯಿತು. ಮೂರು ವಾರ ಯಾವ ಕ್ಯಾಮೆರಾದಲ್ಲೂ ಕಾಣಲಿಲ್ಲ. ನಾನೂ ಕಾಮಣ್ಣನೂ ಸತ್ತೇ ಹೋಯಿತೆಂದುಕೊಂಡಿದ್ದೆವು. ಮೊನ್ನೆ ನಲವತ್ತು ಕಿಲೋಮೀಟರ್ ಆಚೆಯ ಕ್ಯಾಂಪಿನಿಂದ ಚಿತ್ರ ಬಂತು. ಬಡವಾಗಿದೆ, ಮುಂಗಾಲಲ್ಲಿ ಮುಳ್ಳುಹಂದಿಯ ಮುಳ್ಳು ನೆಟ್ಟಿದೆ. ಆದರೆ ಬಾಯಲ್ಲಿ ಒಂದು ಕಾಡುಹಂದಿಯ ಮರಿ ಇದೆ. ಸ್ವಂತ ಬೇಟೆ. ಕಾಮಣ್ಣ ಕ್ಯಾಂಪಿನವರಿಗೆಲ್ಲ ಬೆಲ್ಲ ಹಂಚಿದರು.

ನಿನಗೆ ಹೇಳಬೇಕೆಂದಿದ್ದದ್ದು ಹೆಣ್ಣುಮರಿಯ ಸುದ್ದಿ. ಅದು ದೂರ ಹೋಗಲಿಲ್ಲ. ತಾಯಿಯೇ ಕೆಳಗಿನ ಹಳ್ಳದ ಕಡೆ ಬರುವುದನ್ನು ಬಿಟ್ಟು ಮೇಲಿನ ಗುಡ್ಡಕ್ಕೆ ಸರಿದಿದೆ. ನೀರು, ನೆರಳು, ಜಿಂಕೆ ಎಲ್ಲ ಇರುವ ಹಳ್ಳ ಅದು. ಅದನ್ನು ಮಗಳಿಗೆ ಬಿಟ್ಟುಕೊಟ್ಟಿತು. ಎಲ್ಲ ಸಲ ಹೀಗೇ ಆಗುತ್ತದೆಂದಿಲ್ಲ, ಆದರೆ ಹುಲಿಗಳಲ್ಲಿ ಸಾಮಾನ್ಯವಾಗಿ ಗಂಡುಮಕ್ಕಳು ದೂರ ಹೋಗುತ್ತವೆ, ಹೆಣ್ಣುಮಕ್ಕಳು ತಾಯಿಯ ಮಗ್ಗುಲಲ್ಲೇ ನೆಲೆ ಮಾಡುತ್ತವೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಆಗ ಬರೆದುಕೊಂಡು ಸುಮ್ಮನಾಗಿದ್ದೆ. ಈಗ ಮರಳಿನಲ್ಲಿ ಮಗಳ ಹೆಜ್ಜೆ ಒಂದೇ ಇರುವುದನ್ನು ನೋಡಿದಾಗ ಬಹಳ ಹೊತ್ತು ಅಲ್ಲೇ ನಿಂತೆ. ನಮ್ಮಲ್ಲಿ ಇದು ಉಲ್ಟಾ ಇದೆಯಲ್ಲ ಎಂದುಕೊಂಡೆ.

ಇನ್ನೊಂದು. ಬೀಳಗಿಯಲ್ಲಿ ಒಂದು ಹುದ್ದೆ ಖಾಲಿ ಇದೆ. ಯಡಹಳ್ಳಿಯ ಚಿಂಕಾರ ಜಿಂಕೆಗಳನ್ನು ಕಾಯುವ ಕೆಲಸ. ಜಮಖಂಡಿಯಲ್ಲಿ ಬಸ್ಸು ಬದಲಿಸಿದರೆ ನಮ್ಮ ಮನೆಗೆ ಎರಡು ತಾಸು. ಬೇಕಾದವರು ಮಾರ್ಚ್ 31ರೊಳಗೆ ಅರ್ಜಿ ಕೊಡಬೇಕು. ನಾನು ಕೊಡುವುದಿಲ್ಲ ಎಂದು ಸದ್ಯಕ್ಕೆ ಅಂದುಕೊಂಡಿದ್ದೇನೆ. ಇಷ್ಟು ದೂರ ಇದ್ದರೆ ವರ್ಷಕ್ಕೊಮ್ಮೆ ನೆಂಟಳಂತೆ ಬಂದು ಹೋಗುವುದು ಸಹಜ. ಎರಡು ತಾಸಿನ ದೂರದಲ್ಲಿದ್ದೂ ನೆಂಟಳಾಗಿ ಬರುವುದು ನನ್ನಿಂದ ಆಗದು.

ಶೈಲಾ

ರಬಕವಿ
10 ಮಾರ್ಚ್ 2025

ಶೈಲಾ,

ಈ ಕಾಗದ ಉದ್ದ ಆಗುತ್ತದೆ. ನೀರು ಕುಡಿದು ಕೂಡು.

ಸಂಜಯ ಸೀರೆ ಮುಗಿಸಿ, ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದ. ನಾಲ್ಕು ವಾರ ಅದು ಅಲ್ಲಿತ್ತು. ಮೂರು ಎಳೆ ಹೋಗಿವೆಯೆಂದು ನನಗೆ ಗೊತ್ತಿತ್ತು. ಎರಡು ಸಲ ಸೂಜಿಗೆ ನೂಲು ಪೋಣಿಸಿದೆ, ಎರಡು ಸಲ ಸೂಜಿಯನ್ನು ಗೋಡೆಗೆ ಚುಚ್ಚಿಟ್ಟು ಹೊರಗೆ ಹೋದೆ.

ಶಿವರಾತ್ರಿಯ ಮರುದಿನ ಬೋರವ್ವ ಸ್ನೇಹಾಳನ್ನು ಕರೆದುಕೊಂಡು ಬಂದರು. ಚಹಾ ಕುಡಿದರು. ಆಮೇಲೆ ಸೀರೆ ಬಿಡಿಸಿ ಅಂಗಳದ ಬಿಸಿಲಿಗೆ ಹಿಡಿದರು. ಮೂರು ಕಡೆ ಬೆಳಕು ಗೆರೆಯಂತೆ ಕಂಡಿತು. ಸಂಜಯ ನನ್ನ ಮುಖ ನೋಡಿದ. ಅವನಿಗೆ ಅದು ಅರ್ಥವೇ ಆಗಲಿಲ್ಲ, ಪಾಪ. ತನ್ನ ಬಟ್ಟೆಯಲ್ಲಿ ಗೀರು ಎನ್ನುವುದನ್ನು ಅವನು ಅವತ್ತೇ ಮೊದಲು ಕಂಡದ್ದು.

"ನಾನ ನೇದೀನ್ರಿ. ಯಾವತ್ತೂ ಹಿಂಗ ಆಗಿಲ್ರಿ" ಎಂದ.

ನಾನು ಬಾಯಿ ಬಿಟ್ಟೆ. ಹತ್ತು ವರ್ಷದ್ದನ್ನೆಲ್ಲ ಅಲ್ಲೇ, ಬೀಗರ ಮುಂದೆಯೇ ಹೇಳಿದೆ. ಅವನ ಮುಖ ನೋಡಲು ಆಗಲಿಲ್ಲ. ಅವನು ಮೆಲ್ಲಗೆ, "ಹಂಗಾದ್ರ ಇಷ್ಟ ವರ್ಷ ನಾ ನೇದಿದ್ದ ಯಾವುದು, ನೀ ನೇದಿದ್ದ ಯಾವುದು, ಅಷ್ಟ ಹೇಳಬೇ ಅವ್ವಾ" ಎಂದ. ಸಿಟ್ಟಿನಿಂದ ಕೂಗಿದ್ದರೆ ನನಗೆ ಹಗುರಾಗುತ್ತಿತ್ತು.

ಸ್ನೇಹಾ ಸೀರೆಯನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡಳು. "ಮೂರು ಎಳಿ ಹೋಗಿದ್ದಕ್ಕ ಇದು ಇವರದ ಕೈ ಅಂತ ಗೊತ್ತಾತು. ನಾ ಇದನ್ನ ಉಡತೀನಿ" ಎಂದಳು. ಬೋರವ್ವ ಒಪ್ಪಲಿಲ್ಲ. "ಉಡುವಂತಿ, ಅದು ಬ್ಯಾರೆ ಮಾತು. ಹುಡುಗನ್ನ ತೇರದಾಳಕ್ಕ ಕಳಸ್ರಿ. ನಮ್ಮ ಮಗ್ಗದಾಗ ಒಂದ ವರ್ಷ ಕುಂತ್ರ ಎಳಿ ಹರದ ಸಪ್ಪಳ ತಾನ ಕೇಳಸ್ತೈತಿ" ಎಂದರು. ಮದುವೆಯಾದ ಮೇಲೆ ಅಲ್ಲೇ ಬಾಡಿಗೆ ಮನೆ ಹಿಡಿಯಬೇಕು, ನಾನು ವಾರ ವಾರ ಬರಬಾರದು ಎಂದೂ ಕಟ್ಟುನಿಟ್ಟಾಗಿ ಹೇಳಿದರು.

ಸಂಜಯ ಎರಡು ದಿನ ಮಗ್ಗದ ಹತ್ತಿರ ಬರಲಿಲ್ಲ. ಮೂರನೆಯ ದಿನ ಚೀಲ ತುಂಬಿಕೊಂಡು ತೇರದಾಳದ ಬಸ್ಸು ಹತ್ತಿದ. ಮದುವೆಯ ತನಕವೂ ಕಾಯಲಿಲ್ಲ, ಅಲ್ಲಿ ನಿಮ್ಮಪ್ಪನ ಗೆಳೆಯ ಮಲ್ಲಿನಾಥರ ಮನೆಯಲ್ಲಿ ಉಳಿದಿದ್ದಾನೆ. ಬಸ್ ಸ್ಟ್ಯಾಂಡಿನ ತನಕ ಹೋಗಿ, ಹೋಗು ಎಂದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಚಾಚಿ ನನ್ನ ತಲೆಯ ಮೇಲಿನ ಸೆರಗು ಸರಿಮಾಡಿದ. ಅಷ್ಟು ಸಾಕು ನನಗೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನದನ್ನು ಯಾಕೆ ಬಿಚ್ಚಿಸಿದೆ ಎಂದರೆ, ನೀನು ಮುಂದೆ ಬೇರೆ ಮನೆಗೆ ಹೋಗುವವಳು, ಅಲ್ಲಿ ನಿನ್ನ ಹಿಂದೆ ಸೂಜಿ ಹಿಡಿದು ಯಾರೂ ನಿಲ್ಲುವುದಿಲ್ಲ ಎಂಬ ಹೆದರಿಕೆಗೆ. ಅವನದನ್ನು ತಿದ್ದಿದ್ದು ಅವನು ಎಂದಿಗೂ ನನ್ನ ಕಣ್ಣೆದುರೇ ಇರುತ್ತಾನೆಂಬ ಧೈರ್ಯಕ್ಕೆ. ಹೋಗುವವಳು ಎಂದು ಮೊದಲೇ ಎಣಿಸಿ ನಿನ್ನನ್ನು ಸಣ್ಣಂದಿನಲ್ಲೇ ದೂರ ಕಳಿಸಿಬಿಟ್ಟೆ. ಇರುವವನು ಎಂದು ಎಣಿಸಿ ಅವನನ್ನು ಬೆಳೆಯಲು ಬಿಡಲಿಲ್ಲ. ಮೂರನೆಯ ಸಲ ನೀನು ಬಿಚ್ಚುತ್ತಿದ್ದಾಗ ನಾನು ಒಲೆಯ ಕಡೆ ಯಾಕೆ ತಿರುಗಿ ಕೂತಿದ್ದೆ ಎಂದುಕೊಂಡಿದ್ದೀ? ನಾನೂ ಅಳುತ್ತಿದ್ದೆ. ನೀನು ಈ ನೌಕರಿಗೆ ಹೊರಟಾಗ, ಯಾಕೆ ಎಂದು ಕೇಳಿದರೆ ಇರು ಎಂದುಬಿಡುತ್ತೇನೆ ಎಂದು ಕೇಳಲಿಲ್ಲ. ತಪ್ಪಾಯಿತು ಶೈಲಾ. ಹೇಳಲು ಹದಿನೈದು ವರ್ಷ ಹಿಡಿಯಿತು.

ಮೊನ್ನೆ ಕೋಣೆ ತೊಳೆದೆ. ನಿನ್ನ ಟ್ರಂಕು ಇದ್ದಲ್ಲೇ ಇದೆ, ಇನ್ನು ಅಲ್ಲೇ ಇರುತ್ತದೆ. ಅದನ್ನು ಬಿಚ್ಚಿದೆ, ಬೈಯಬೇಡ. ನಿನ್ನ ಒಂದು ಹಳೆಯ ಸಲ್ವಾರ್ ಸಿಕ್ಕಿತು. ಅದರ ಅಳತೆ ಹಿಡಿದು ಮಗ್ಗದ ಹಗ್ಗಗಳನ್ನು ಬಿಚ್ಚಿ ನಿನ್ನ ಕಾಲಿಗೆ ಸರಿಯಾಗಿ ಮತ್ತೆ ಕಟ್ಟಿದ್ದೇನೆ. ನಿನಗಿಂತ ನಾನು ಉದ್ದ. ಈಗ ಕುಣಿಯಲ್ಲಿ ಕೂತರೆ ಮೊಣಕಾಲು ಎದೆಗೆ ತಾಗುತ್ತದೆ, ದಿನಕ್ಕೆ ಎರಡು ಮೊಳ ಮುಂದೆ ಹೋಗುವುದಿಲ್ಲ. ನಿಮ್ಮಪ್ಪ ನೋಡಿ, "ಹುಚ್ಚಿ, ನಿನ್ನ ಅಳತಿಗೆ ಕಟಗೋ" ಎಂದರು. ಇದು ನನ್ನ ಮಗ್ಗ ಅಲ್ಲ, ಅಕಿ ಬರೂತನಕ ನಾ ಕಾಯಾಕತ್ತೇನಿ ಎಂದೆ.

ಅರ್ಜಿಯಲ್ಲಿ ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ನೀನು ಅಲ್ಲೇ ಇದ್ದರೂ ಹಗ್ಗ ಹಾಗೇ ಇರುತ್ತದೆ.

ಇಂತಿ,
ನಿನ್ನ ಹುಲಿ

ಕ್ಯಾಂಪು
24 ಮಾರ್ಚ್ 2025

ಅವ್ವಾ,

ಮುಂದಿನ ಜೀಪಿಗೆ ಇನ್ನೂ ಐದು ದಿನ ಇತ್ತು. ಅರ್ಜಿ ತಡವಾದೀತೆಂದು ಇವತ್ತು ಹನ್ನೊಂದು ಕಿಲೋಮೀಟರ್ ನಡೆದುಹೋಗಿ ಕಚೇರಿಯಲ್ಲಿ ಕೊಟ್ಟೆ. ಬೀಳಗಿ ಎಂದು ಬರೆದಿದ್ದೇನೆ. ಆ ಹುದ್ದೆ ಕೇಳಿದವಳು ನಾನೊಬ್ಬಳೇ, ಆದೇಶ ಜೂನ್‌ನಲ್ಲಿ ಬರುತ್ತದೆ ಎಂದು ಸಾಹೇಬರು ಹೇಳಿದರು. ಕ್ಯಾಂಪಿಗೆ ತಿರುಗಿ ಹಳ್ಳದ ಹತ್ತಿರ ಬಂದಾಗ ಕಾಮಣ್ಣ, "ಹುಲಿ ಬಿಟ್ಟ ಚಿಂಕಾರ ಕಾಯಾಕ ಹೊಂಟೀರೇನ್ರಿ ಮೇಡಂ?" ಎಂದು ಕೇಳಿದರು. ನಮ್ಮ ಕಡೆಯೂ ಒಂದು ಹುಲಿ ಇದೆ ಎಂದೆ.

ಸಂಜಯನಿಗೆ ಬೇರೆ ಕಾಗದ ಬರೆದಿದ್ದೇನೆ. ಅದನ್ನು ನೀನು ಓದುವ ಹಾಗಿಲ್ಲ.

ನೀನು ಒಲೆಯ ಕಡೆ ತಿರುಗಿ ಕೂತದ್ದರ ಬಗ್ಗೆ ಇಲ್ಲಿ ಏನೂ ಬರೆಯಲಾರೆ. ಬಂದಾಗ ಪಕ್ಕದಲ್ಲಿ ಕೂಡುತ್ತೇನೆ.

ಒಂದು ಕೆಲಸ ಮಾಡು. ಹಗ್ಗವನ್ನು ಎರಡು ಬೆರಳು ಇಳಿಸಿ ಕಟ್ಟು. ಆ ಸಲ್ವಾರ್ ನಾನು ಹತ್ತನೆಯ ಕ್ಲಾಸಿನಲ್ಲಿದ್ದಾಗಿನದು. ಆಮೇಲೆ ನಾನು ಎರಡು ಬೆರಳು ಬೆಳೆದಿದ್ದೇನೆ, ನೀನು ನೋಡಿಲ್ಲ.

ನಿನ್ನ
ಶೈಲಾ